ಉಚಿತ ಗಾಳಿ ಯಂತ್ರಕ್ಕೆ, ಕಾಣೆಯಾದ ನಾಲ್ಕು ಪಾಯಿಂಟುಗಳ ಬಗ್ಗೆ

ಮಾನ್ಯರೇ,

ಪೆಟ್ರೋಲ್ ಬಂಕಿನ ಎಡಮೂಲೆಯಲ್ಲಿ, ಶೌಚಾಲಯದ ಗೋಡೆಗೆ ಬೆನ್ನು ಕೊಟ್ಟು, ಮೈತುಂಬ ಕೆಂಪು ಬಣ್ಣ ಬಳಿದುಕೊಂಡು, ಬಿಸಿಲು ಮಳೆಯೆನ್ನದೆ ನಿಂತಲ್ಲೇ ನಿಂತು ಸಾರ್ವಜನಿಕ ಸೇವೆ ಸಲ್ಲಿಸುತ್ತಿರುವ ಉಚಿತ ಗಾಳಿ ಯಂತ್ರ ಮಹೋದಯರ ಸಮ್ಮುಖಕ್ಕೆ, ರಸ್ತೆಯ ಈಚೆ ಬದಿಯ ಟೈರ್ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿಯ ಅನೇಕ ನಮಸ್ಕಾರಗಳು. ಇತ್ತ ಎಲ್ಲರೂ ಕ್ಷೇಮ. ತಮ್ಮ ಕ್ಷೇಮ ವಿಚಾರಿಸುವ ಅಗತ್ಯವೇ ಬೀಳುವುದಿಲ್ಲ, ಏಕೆಂದರೆ ತಾವು ಐದು ನಿಮಿಷಕ್ಕೊಮ್ಮೆ ಹೊಡೆಯುವ ಬೀಪ್ ರಸ್ತೆ ದಾಟಿ, ನಮ್ಮ ಕಂಪ್ರೆಸರಿನ ಸದ್ದನ್ನೂ ದಾಟಿ, ತಾವು ಗಟ್ಟಿಮುಟ್ಟಾಗಿದ್ದೀರೆಂದು ನನ್ನ ಕಿವಿಗೆ ವರದಿ ಒಪ್ಪಿಸುತ್ತಲೇ ಇರುತ್ತದೆ.

ದೂರು ಹೇಳುವ ಮೊದಲು ನನ್ನ ಯೋಗ್ಯತೆ ತಿಳಿಸುವುದು ಮರ್ಯಾದೆ. ಅದು ಇಲ್ಲ. ಒಂಬತ್ತನೇ ತರಗತಿಯ ನಡುವೆ ಶಾಲೆ ಬಿಟ್ಟವಳು ನಾನು. ಬಡತನ, ಕಾಯಿಲೆ, ಮೇಷ್ಟರ ಹೊಡೆತ ಎಂದೇನಾದರೂ ಹೇಳಿದರೆ ಕೇಳಿದವರಿಗೆ ಸಮಾಧಾನವಾಗುತ್ತದೆ ಎಂದು ಗೊತ್ತು, ಆದರೆ ಇದ್ದದ್ದು ಇಷ್ಟೇ, ಬೆಂಚಿನ ಮೇಲೆ ಕೂತರೆ ನನ್ನ ಕಾಲು ತಾನೇ ಎದ್ದು ಹೊರಡುತ್ತಿತ್ತು. ಅಮ್ಮನ ತಮ್ಮ, ಅಂದರೆ ನನ್ನ ಮಾವ, ತನ್ನ ಟೈರ್ ಅಂಗಡಿಯಲ್ಲಿ ಕೂರಲು ಜಾಗವೇ ಇಲ್ಲವಾದ್ದರಿಂದ ನನಗೆ ಅದೇ ಸರಿಯಾದ ಸ್ಥಳವೆಂದು ಸೇರಿಸಿಕೊಂಡ. ನನ್ನ ಅಕ್ಕನಿಗೆ ಮಾತ್ರ ಇದು ಎರಡು ವರ್ಷವಾದರೂ ಅರಗಿಲ್ಲ. ಅವಳು ನಾನು ಬಿಟ್ಟ ಅದೇ ಶಾಲೆಗೆ ಹನ್ನೊಂದು ಮಕ್ಕಳನ್ನು ದಿನಾ ವ್ಯಾನಿನಲ್ಲಿ ಕರೆದೊಯ್ಯುತ್ತಾಳೆ. "ನೀನು ಪರೀಕ್ಷೆ ಕಟ್ಟೋ ತನಕ ಆ ಅಂಗಡಿ ಮೆಟ್ಟಿಲು ನಾನು ಹತ್ತಲ್ಲ" ಎಂದು ಶಪಥ ಮಾಡಿದವಳು, ಅಂದಿನಿಂದ ತನ್ನ ವ್ಯಾನನ್ನು ನಮ್ಮ ಮುಂದಿನಿಂದಲೇ, ಹಾರ್ನ್ ಹೊಡೆದುಕೊಂಡೇ, ತಮ್ಮ ಬಳಿಗೆ ಗಾಳಿ ಕುಡಿಸಲು ತರುತ್ತಿದ್ದಾಳೆ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ, ನಾನು ಅವಳ ಪಾಲಿಗೆ ಹಿತ್ತಲು ಬಿಟ್ಟು ರಸ್ತೆಗೆ ಬಂದ ಗಿಡ.

ತಮ್ಮ ಸದ್ಗುಣಗಳನ್ನು ನಾನು ಎರಡು ವರ್ಷ ಎದುರಿನಿಂದ ನೋಡಿದ್ದೇನೆ. ಅದರಲ್ಲಿ ಮೊದಲನೆಯದು ಸಮದೃಷ್ಟಿ. ತಮ್ಮ ಎದೆಯ ಮೇಲೆ ಅಂಕಿ ಏರಿಸಲು ಒಂದು, ಇಳಿಸಲು ಒಂದು ಗುಂಡಿ ಇದ್ದವು. ಯಾವುದೋ ಕಾಲದಲ್ಲಿ ಅವೆರಡೂ ಒಳಗೆ ಕುಸಿದುಹೋಗಿ, ಅಂಕಿ ಮೂವತ್ತೆರಡಕ್ಕೆ ನಿಂತಿತು. ಅಂದಿನಿಂದ ಪುಟಾಣಿ ಕಾರಿಗೂ ಮೂವತ್ತೆರಡು ಪಾಯಿಂಟ್ ಗಾಳಿ, ಸಾಮಾನು ಹೇರಿದ ವ್ಯಾನಿಗೂ ಮೂವತ್ತೆರಡು, ಮುಂದಿನ ಚಕ್ರಕ್ಕೂ ಅದೇ, ಹಿಂದಿನದಕ್ಕೂ ಅದೇ. ಡ್ರೈವರ್ ಕಡೆಯ ಬಾಗಿಲು ತೆರೆದರೆ ಒಳಗಿನ ಅಂಚಿನಲ್ಲಿ ಒಂದು ಚೀಟಿ ಅಂಟಿಸಿರುತ್ತದೆ, ಮುಂದೆ ಇಷ್ಟು, ಹಿಂದೆ ಇಷ್ಟು, ಜನ ತುಂಬಿದರೆ ಇಷ್ಟು ಎಂದು ಗಾಡಿ ತಯಾರಿಸಿದವರೇ ಅದರಲ್ಲಿ ಬರೆದಿರುತ್ತಾರೆ. ತಾವು ಅದನ್ನು ಓದುವುದಿಲ್ಲ. ಓದಿನ ವಿಷಯದಲ್ಲಿ ನಾವಿಬ್ಬರೂ ಒಂದೇ ಎಂದುಕೊಂಡಿದ್ದೆ, ಆದರೆ ನಾನು ಆ ಚೀಟಿಯನ್ನಾದರೂ ಓದುತ್ತೇನೆ.

ಎರಡನೆಯದು ಕರ್ತವ್ಯನಿಷ್ಠೆ. ಎರಡು ಗಂಟೆ ಓಡಿ ಬಂದ ಕಾರಿನ ಟೈರು ಮುಟ್ಟಿದರೆ ಕೈ ಸುಡುತ್ತದೆ. ಒಳಗಿನ ಗಾಳಿ ಕಾದು ಉಬ್ಬಿ, ಇರುವುದಕ್ಕಿಂತ ನಾಲ್ಕೈದು ಪಾಯಿಂಟ್ ಹೆಚ್ಚು ತೋರಿಸುತ್ತದೆ. ತಾವು ಆ ಉಬ್ಬರವನ್ನೇ ನಂಬಿ, ಹೆಚ್ಚಾಯಿತೆಂದು ಹೊರಗೆ ಬಿಟ್ಟು, ಮೂವತ್ತೆರಡಕ್ಕೆ ತಂದು ಬೀಪ್ ಹೊಡೆದು ಕಳಿಸುತ್ತೀರಿ. ಮಾರನೇ ಬೆಳಿಗ್ಗೆ ತಣ್ಣಗಾದ ಟೈರು ನೋಡಿದರೆ ಜ್ವರ ಬಿಟ್ಟವರ ಕೆನ್ನೆಯಂತೆ ಒಳಗೆ ಹೋಗಿರುತ್ತದೆ. ಆದ್ದರಿಂದ ಇನ್ನು ಮುಂದೆ ಬಿಸಿ ಕಾರು ಬಂದರೆ, ಅದನ್ನು ಮೂರು ಗಂಟೆ ನೆರಳಿನಲ್ಲಿ ಮಲಗಿಸಿ, ಬೀಸಣಿಗೆಯಿಂದ ಗಾಳಿ ಹಾಕಿ, ಅನಂತರವೇ ನೋಡಬೇಕಾಗಿ ವಿನಂತಿ. ಅಷ್ಟು ಬಿಡುವಿಲ್ಲದಿದ್ದರೆ, ಬೆಳಿಗ್ಗೆ ಮನೆ ಬಿಟ್ಟ ಕೂಡಲೇ ಬಾ ಎಂದು ಬುದ್ಧಿ ಹೇಳಿ ಕಳಿಸಿದರೂ ಆದೀತು.

ತಮ್ಮ ಕಿರೀಟದ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ತಮ್ಮ ಉಸ್ತುವಾರಿ ನೋಡುವ ಬಂಕಿನ ನೌಕರರನ್ನು ನಾವು ಜೀರೋ ಅಣ್ಣ ಎನ್ನುತ್ತೇವೆ, ಏಕೆಂದರೆ ಪೆಟ್ರೋಲ್ ಹಾಕುವ ಮುಂಚೆ "ಜೀರೋ ನೋಡ್ಕೊಳ್ಳಿ ಸಾರ್" ಎಂದು ಹತ್ತು ವರ್ಷದಿಂದ ಹೇಳಿ ಹೇಳಿ, ಈಗ ಮನೆಯಲ್ಲಿ ತಟ್ಟೆ ಮುಂದೆ ಕೂತಾಗಲೂ ಹಾಗೇ ಅನ್ನುತ್ತಾರಂತೆ. ಅವರು ಗಾಳಿ ಹಿಡಿಯುವಾಗ ಬಿಚ್ಚಿದ ವಾಲ್ವಿನ ಮುಚ್ಚಳಗಳನ್ನು ತಮ್ಮ ಈ ಕೆಂಪು ತಲೆಯ ಮೇಲಿಟ್ಟು ಮರೆಯುತ್ತಾರೆ. ನಾನು ಎಣಿಸಿದಾಗ ಹತ್ತೊಂಬತ್ತಿದ್ದವು. ಕಡಲೆಕಾಳಿನಷ್ಟು ಗಾತ್ರದ ಆ ಮುಚ್ಚಳ ಇಲ್ಲದಿದ್ದರೆ ವಾಲ್ವಿನೊಳಗೆ ಧೂಳು ಸೇರಿ, ಯಾರಿಗೂ ಕೇಳದ ಹಾಗೆ ಗಾಳಿ ಸೋರುತ್ತದೆ. ಬೆರಳಿನ ತುದಿಯಲ್ಲಿ ಸೋಪಿನ ನೀರು ಹಚ್ಚಿ ನೋಡಿದರೆ ಗುಳ್ಳೆ ಎದ್ದು ಚಾಡಿ ಹೇಳುತ್ತದೆ. ತಮಗೆ ಬೆರಳಿಲ್ಲದಿರುವುದರಿಂದ ಈ ಕೋರಿಕೆಯನ್ನು ಒತ್ತಾಯಿಸುವುದಿಲ್ಲ.

ಇಷ್ಟೇ ಆಗಿದ್ದರೆ ನಾನು ಕಾಗದ ಹಾಳು ಮಾಡುತ್ತಿರಲಿಲ್ಲ. ಕಳೆದ ಸೋಮವಾರ ಅಕ್ಕ ವ್ಯಾನ್ ತಂದು ತಮ್ಮ ಮುಂದೆ ನಿಲ್ಲಿಸಿದಾಗ, ಹಿಂದಿನ ಎರಡೂ ಟೈರುಗಳ ಅಂಚು ಸವೆದು, ನಡುಭಾಗ ಮಾತ್ರ ಹೊಸದರಂತೆ ಇರುವುದು ರಸ್ತೆಯ ಈಚೆಗೇ ಕಾಣಿಸಿತು. ಗಾಳಿ ಹೆಚ್ಚಾದ ಟೈರು ಹೊಟ್ಟೆಯ ಮೇಲೆ ನಡೆಯುತ್ತದೆ, ಕಡಿಮೆಯಾದದ್ದು ಎರಡು ಅಂಚಿನ ಮೇಲೆ. ಶನಿವಾರ ಶಾಲೆಯಿಂದ ಪ್ರವಾಸವಿತ್ತು. ಅಕ್ಕ ಹನ್ನೊಂದೂ ಮಕ್ಕಳನ್ನು ತುಂಬಿಕೊಂಡು, ನಲವತ್ತು ತಿರುವಿನ ಬೆಟ್ಟದ ರಸ್ತೆ ಹತ್ತಿ ಇಳಿಯಬೇಕಿತ್ತು, ಅದೂ ಈ ಬಿಸಿಲಿನಲ್ಲಿ. ಗಾಳಿ ಕಮ್ಮಿಯಿರುವ ಟೈರು ಭಾರಕ್ಕೆ ಮಡಚಿ ಮಡಚಿ ಕಾಯುತ್ತದೆ, ಕಾದು ಕಾದು ಯಾವುದಾದರೊಂದು ತಿರುವಿನಲ್ಲಿ ಸಿಡಿಯುತ್ತದೆ. ನಾನು ಮಾವನ ಜೇಬಿನಿಂದ ಯಜಮಾನರನ್ನು ಎತ್ತಿಕೊಂಡು ರಸ್ತೆ ದಾಟಿದೆ.

ಯಜಮಾನರು ಎಂದರೆ ನಮ್ಮ ಅಂಗಡಿಯ ಹಿತ್ತಾಳೆಯ ಗಾಳಿ ಮೀಟರು. ಹೆಬ್ಬೆರಳಿಗಿಂತ ಸ್ವಲ್ಪ ದಪ್ಪ, ನನಗಿಂತ ಹಿರಿಯರು. ಯಾರೇನೇ ಅಂದರೂ ಮಾವ "ಯಜಮಾನರನ್ನ ಕೇಳು" ಎನ್ನುತ್ತಾನೆ, ಅವರು ತೋರಿಸಿದ ಮೇಲೆ ನಮ್ಮಲ್ಲಿ ಮರುಮಾತಿಲ್ಲ. ತಾವು ಆಗಷ್ಟೇ ಮೂವತ್ತೆರಡು ಎಂದು ಬೀಪ್ ಹೊಡೆದಿದ್ದ ಹಿಂದಿನ ಎರಡೂ ಚಕ್ರಗಳಿಗೆ ಅವರನ್ನು ಒತ್ತಿ ಹಿಡಿದೆ. ಎರಡಕ್ಕೂ ಇಪ್ಪತ್ತಾರು ಎಂದರು.

ಆಗ ನಡೆದ ಮಾತುಕತೆಯನ್ನು ತಾವೂ ಕೇಳಿಸಿಕೊಂಡಿರಿ, ಆದರೂ ದಾಖಲೆಗಾಗಿ ಬರೆಯುತ್ತಿದ್ದೇನೆ. "ಮೆಷಿನ್ನು ಬೀಪ್ ಅಂದಿದ್ದು ಕೇಳಿಸ್ಲಿಲ್ವಾ ನಿಂಗೆ" ಎಂದಳು ಅಕ್ಕ. "ಕಂಪ್ಯೂಟ್ರಮ್ಮ ಇದು, ನಿಮ್ಮ ಮಾವನ ಪೀಪಿ ಅಲ್ಲ" ಎಂದರು ಜೀರೋ ಅಣ್ಣ. ಆರು ಪಾಯಿಂಟ್ ಕಮ್ಮಿ ಇದೆ, ಮೇಲಾಗಿ ಹನ್ನೊಂದು ಮಕ್ಕಳು ಕೂತರೆ ಹಿಂದಕ್ಕೆ ಮೂವತ್ತಾರು ಬೇಕೆಂದು ನಿನ್ನ ಬಾಗಿಲಿನ ಚೀಟಿಯಲ್ಲೇ ಇದೆ ಎಂದೆ. ಅಕ್ಕ ಸೀಟಿನಿಂದ ಇಳಿಯಲೂ ಇಲ್ಲ. "ಒಂಬತ್ತನೇ ಕ್ಲಾಸಿನ ಲೆಕ್ಕ ಬಿಟ್ಟು ಓಡಿ ಬಂದೋಳು ನಂಗೆ ಕೂಡೋದು ಕಳೆಯೋದು ಹೇಳ್ಕೊಡ್ತಾಳೆ" ಎಂದು ಸ್ಟೀರಿಂಗಿಗೆ ಹೇಳಿದಳು. ನನ್ನ ಮೇಲೆ ಕೋಪ ಬಂದಾಗ ಅವಳು ಯಾವಾಗಲೂ ಬೇರೆ ಯಾವುದಾದರೂ ವಸ್ತುವಿನ ಜೊತೆ ಮಾತನಾಡುತ್ತಾಳೆ. ಮನೆಯಲ್ಲಾದರೆ ಅದು ಗೋಡೆ.

ಯಾರ ಅಂಕಿ ಸರಿಯೆಂದು ಬೇರೆಡೆ ತೋರಿಸಿ ನೋಡಲು ನಾನು ಅವಳ ವ್ಯಾನಿನ ಸ್ಟೆಪ್ನಿ ಕೇಳಿದೆ. ಸ್ಟೆಪ್ನಿ ಎಂಬ ಆ ಬದಲಿ ಚಕ್ರವನ್ನು ಎಲ್ಲರೂ ಮನೆಗೆ ಬಂದ ದೂರದ ನೆಂಟರಂತೆ ಒಳಗೆಲ್ಲೋ ಮಲಗಿಸಿ ಮರೆಯುತ್ತಾರೆ, ರಸ್ತೆಯಲ್ಲಿ ಟೈರು ಕೈಕೊಟ್ಟಾಗ ಎಬ್ಬಿಸಿ ನೋಡಿದರೆ ಅವರಿಗೇ ಉಸಿರಿರುವುದಿಲ್ಲ. ಅಕ್ಕನದು ಹೆಬ್ಬೆರಳು ಒತ್ತಿದರೆ ತಗ್ಗುತ್ತಿತ್ತು. ಅದಕ್ಕೆ ತಮ್ಮಿಂದಲೇ, ಜೀರೋ ಅಣ್ಣನ ಕೈಯಿಂದಲೇ, ಮೂವತ್ತೆರಡರ ಬೀಪ್ ಬರುವ ತನಕ ಗಾಳಿ ಹಿಡಿಸಿ, ಯಜಮಾನರಿಗೆ ತೋರಿಸಿ ಇಪ್ಪತ್ತಾರು ಎನ್ನಿಸಿಕೊಂಡು, ಅಲ್ಲಿಂದ ಬಸ್ ಡಿಪೋವರೆಗೆ ಒಂದೂವರೆ ಕಿಲೋಮೀಟರ್ ಉರುಳಿಸಿಕೊಂಡು ಹೋದೆ. ಡಿಪೋದಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಬೀಗ ಹಾಕಿ ಇಟ್ಟಿರುವ ಒಂದು ಮೀಟರಿದೆ. ಆರು ತಿಂಗಳಿಗೊಮ್ಮೆ ಅದನ್ನು ಪರೀಕ್ಷೆಗೆ ಕಳಿಸಿ ಮುದ್ರೆ ಒತ್ತಿಸಿ ತರುತ್ತಾರೆ. ಅಲ್ಲಿನ ಫೋರ್‌ಮನ್ ವಯಸ್ಸಾದವರು, ನನ್ನನ್ನೂ ಚಕ್ರವನ್ನೂ ಒಂದು ಸಲ ನೋಡಿ, ನಾನು ಎರಡೂ ಮೀಟರಿನ ಅಂಕಿ ಹೇಳಿ ಮುಗಿಸುವಷ್ಟರಲ್ಲಿ ಪೆಟ್ಟಿಗೆಯ ಬೀಗ ತೆಗೆದರು.

ಇಪ್ಪತ್ತೆಂಟು. ಮೂರು ಸಲ ನೋಡಿದರು, ಮೂರು ಸಲವೂ ಇಪ್ಪತ್ತೆಂಟೇ.

ಮಾನ್ಯರೇ, ತಾವು ಇಪ್ಪತ್ತೆಂಟನ್ನು ಮೂವತ್ತೆರಡು ಎನ್ನುತ್ತಿದ್ದೀರಿ, ಅಂದರೆ ನಾಲ್ಕು ಪಾಯಿಂಟ್ ಸುಳ್ಳು. ಅಲ್ಲಿಗೆ ನಿಲ್ಲಿಸಿ ಚಕ್ರ ಉರುಳಿಸಿಕೊಂಡು ವಾಪಸಾಗಿದ್ದರೆ ಈ ಪತ್ರ ಅರ್ಧ ಪುಟದಲ್ಲಿ ಮುಗಿದು, ತಮ್ಮ ಮಾನ ಮಾತ್ರ ಹೋಗುತ್ತಿತ್ತು. ಆದರೆ ಫೋರ್‌ಮನ್ ಬೀಗ ಹಾಕುತ್ತ, "ಅಲ್ಲಮ್ಮ, ಇಪ್ಪತ್ತೆಂಟನ್ನ ನಿಮ್ಮದು ಇಪ್ಪತ್ತಾರು ಅಂತಿದೆ. ಹಾಗಾದ್ರೆ ನಿಮ್ಮದೂ ಎರಡು ತಪ್ಪು ತಾನೇ" ಎಂದರು. ನನ್ನ ಮುಖ ನೋಡಿ, "ನೀನು ಬಾಯಿ ಬಿಡದಿದ್ರೆ ಯಾರಿಗೂ ಗೊತ್ತಾಗಲ್ಲ ಬಿಡು, ಎರಡಕ್ಕೆ ಯಾವ ಟೈರೂ ಸಾಯಲ್ಲ" ಎಂದೂ ಸೇರಿಸಿದರು.

ವಾಪಸು ಬರುವಾಗ ಅದೇ ಚಕ್ರ ಎರಡು ಪಟ್ಟು ಭಾರವಾಗಿತ್ತು.

ನಮ್ಮ ಅಂಗಡಿಯ ಪದ್ಧತಿಯನ್ನು ತಮಗೆ ವಿವರಿಸಬೇಕು. ಪ್ರತಿದಿನ ಶಟರ್ ಎತ್ತಿದ ಕೂಡಲೇ ಮಾವ ಯಜಮಾನರನ್ನು ಕಂಪ್ರೆಸರಿನ ಮುಳ್ಳಿನೊಂದಿಗೆ ಹೋಲಿಸಿ ನೋಡುತ್ತಾನೆ. ಎರಡೂ ಒಂದೇ ಅಂಕಿ ತೋರಿಸುತ್ತವೆ. ಮಾವ ತೃಪ್ತಿಯಿಂದ ಯಜಮಾನರನ್ನು ಒರೆಸಿ ಜೇಬಿಗಿಳಿಸುತ್ತಾನೆ. ಡಿಪೋದಿಂದ ಬಂದ ಮೇಲೆ ನಾನು ಕೇಳಿದೆ, ಕಂಪ್ರೆಸರಿನ ಮುಳ್ಳನ್ನು ಸರಿಮಾಡಿದ್ದು ಯಾರು ಎಂದು. ಮಾವ ಹೆಮ್ಮೆಯಿಂದಲೇ, "ನಾನೇ. ಯಜಮಾನರು ತೋರಿಸಿದ ಅಂಕಿಗೆ ತಿರುಗಿಸಿ ಕೂರಿಸಿದ್ದು" ಎಂದ. ಹೇಳಿ ಮುಗಿಸಿದ ಮೇಲೆ ಅವನ ಕೈ ತಾನಾಗಿ ಜೇಬಿನ ಮೇಲೆ ಹೋಯಿತು. ಇಷ್ಟು ವರ್ಷ ಇಬ್ಬರೂ ಒಬ್ಬರ ಸುಳ್ಳಿಗೆ ಇನ್ನೊಬ್ಬರು ಸಾಕ್ಷಿ ಹೇಳಿಕೊಂಡು ನೆಮ್ಮದಿಯಾಗಿದ್ದರು. ನಾನು ಎರಡು ವರ್ಷ ಅದನ್ನು ಕಣ್ಣಾರೆ ನೋಡಿಯೂ, ಕಾಲು ಗಂಟೆ ಒಂದೆಡೆ ನಿಂತು ಯೋಚಿಸಿರಲಿಲ್ಲ.

ಆ ಮಧ್ಯಾಹ್ನ ನಾನು ಒಂದು ರಟ್ಟಿನ ಮೇಲೆ ಬರೆದು ಅಂಗಡಿಯ ಮುಂದೆ ತೂಗುಹಾಕಿದೆ: 'ನಮ್ಮ ಮೀಟರ್ ಎರಡು ಪಾಯಿಂಟ್ ಕಡಿಮೆ ತೋರಿಸುತ್ತಿತ್ತು. ಆದ್ದರಿಂದ ಇಲ್ಲಿ ಗಾಳಿ ಹಿಡಿಸಿದವರಿಗೆಲ್ಲ ಎರಡು ಪಾಯಿಂಟ್ ಹೆಚ್ಚು ಹೋಗಿದೆ. ಬಂದರೆ ಸರಿಮಾಡಿ ಕೊಡುತ್ತೇವೆ. ತಪ್ಪಾಯಿತು.' ಮಾವ ಅದನ್ನು ಎರಡು ಸಲ ಓದಿದ. "ಎದುರಿನವರ ಹುಳುಕು ಹುಡುಕಕ್ಕೆ ಹೋಗಿ ನಮ್ಮನೆ ಗೋಡೆ ಕೆಡವಿದೆಯಲ್ಲೇ" ಎಂದ. ಅಂಗಡಿ ಮುಚ್ಚಿಸುತ್ತೀಯಾ ಎಂದ. ಡಿಪೋದವರದೇ ತಪ್ಪಿರಬೇಕು ಎಂದ. ಯಜಮಾನರು ತನಗೆ ಕೆಲಸ ಕಲಿಸಿದವರ ಕೈಯಿಂದ ಬಂದವರು ಎಂದ. ಕೊನೆಗೆ ಹಿಂದಿನ ಕೋಣೆಗೆ ಹೋಗಿ ಹಳೇ ಟ್ಯೂಬುಗಳನ್ನು ಜೋಡಿಸತೊಡಗಿದ. ಅವನು ಅವನ್ನು ಹಿಂದಿನ ದಿನವಷ್ಟೇ ಜೋಡಿಸಿದ್ದ.

ಮಂಗಳವಾರದಿಂದ ಶುಕ್ರವಾರದವರೆಗೆ ಜನ ಆ ರಟ್ಟಿನ ಮುಂದೆ ನಿಂತು ಓದಿದರು, ಒಬ್ಬಿಬ್ಬರು ನಕ್ಕರು, ಮತ್ತು ಬಹಳ ಮಂದಿ ರಸ್ತೆ ದಾಟಿ ತಮ್ಮ ಬಳಿಗೆ ಬಂದರು. ತಾವು ಒಬ್ಬೊಬ್ಬರಿಗೂ ಬೀಪ್ ಎಂದು ಸ್ವಾಗತ ಕೋರಿದಿರಿ. ತಪ್ಪು ಒಪ್ಪಿಕೊಂಡ ಅಂಗಡಿಯನ್ನು ಬಿಟ್ಟು ಒಪ್ಪಿಕೊಳ್ಳದ ಕಡೆಗೆ ಜನ ಹೋಗುವುದನ್ನು ನಾಲ್ಕು ದಿನ ನೋಡುತ್ತ ನಿಂತೆ. ಅಂಥ ಹೊತ್ತಿನಲ್ಲಿ ತಮ್ಮ ಮೇಲೆ ನನಗೆ ಎಷ್ಟು ಗೌರವ ಮೂಡಿತೆಂದರೆ, ಒಂದು ಕಲ್ಲನ್ನೂ ಕೈಗೆತ್ತಿಕೊಂಡಿದ್ದೆ. ಅದನ್ನು ಚಕ್ರಕ್ಕೆ ಅಡ್ಡ ಕೊಡುವ ಕೆಲಸಕ್ಕೇ ಬಳಸಿದೆನೆಂದು ಪ್ರಮಾಣ ಮಾಡಿ ಹೇಳುತ್ತೇನೆ.

ಅಕ್ಕ ಒಂದು ಮಾತೂ ಆಡಲಿಲ್ಲ. ಗೋಡೆಯ ಜೊತೆಗೂ ಆಡಲಿಲ್ಲ. ಶುಕ್ರವಾರ ಸಂಜೆ ನಾನೇ ಅವಳ ಮುಂದೆ ನಿಂತು, ಮೆಷಿನ್ನು ನಾಲ್ಕು ತಪ್ಪು, ನನ್ನದು ಎರಡು ತಪ್ಪು, ಎರಡನ್ನೂ ಲೆಕ್ಕ ಹಾಕಿದರೂ ನಿನ್ನ ಹಿಂದಿನ ಚಕ್ರಗಳಿಗೆ ಎಂಟು ಪಾಯಿಂಟ್ ಕಮ್ಮಿ, ಬೆಟ್ಟ ಹತ್ತಬೇಡ ಎಂದೆ. ಅವಳು ಮಕ್ಕಳ ಹೆಸರಿನ ಪಟ್ಟಿ ಓದುತ್ತಲೇ ಇದ್ದಳು.

ಶನಿವಾರ ಬೆಳಿಗ್ಗೆ ಆರು ಗಂಟೆಗೆ ನಾನು ಶಟರ್ ಎತ್ತುವಷ್ಟರಲ್ಲಿ ವ್ಯಾನು ಅಂಗಡಿಯ ಮುಂದೆ ನಿಂತಿತ್ತು, ಒಳಗೆ ಹನ್ನೊಂದು ಮಕ್ಕಳು, ಹನ್ನೊಂದು ನೀರಿನ ಬಾಟಲಿ. ಅಕ್ಕ ಸೀಟಿನಿಂದ ಇಳಿದಿರಲಿಲ್ಲ. "ಮೆಟ್ಟಿಲು ಹತ್ತಲ್ಲ ಅಂದಿದ್ದೆ, ಹತ್ತಿಲ್ಲ. ನೀನೇ ಇಳಿದು ಬಾ" ಎಂದಳು. ಎರಡು ವರ್ಷದಲ್ಲಿ ಅಂಗಡಿಯ ಮುಂದೆ ನನ್ನ ಮುಖ ನೋಡಿ ಆಡಿದ ಮೊದಲ ಮಾತು ಅದು. ಆಮೇಲೆ ರಟ್ಟಿನ ಕಡೆ ಗಲ್ಲ ತಿರುಗಿಸಿ, "ನಾನು ತಪ್ಪು ಹೇಳ್ತೀನಿ ಅಂತ ತಾನೇ ಬೋರ್ಡ್ ಹಾಕ್ಕೊಂಡಿರೋ ಮೀಟರ್ ಇದೊಂದೇ ಕಣೇ. ಯಜಮಾನರು ಮೂವತ್ನಾಲ್ಕು ಅಂದ್ರೆ ನಿಜ ಮೂವತ್ತಾರು, ಹೌದು ತಾನೇ? ಹಿಡಿ" ಎಂದಳು.

ಬಲಗಡೆಯ ಹಿಂದಿನ ಚಕ್ರ ಇಪ್ಪತ್ತಾರರಲ್ಲೇ ಇತ್ತು. ಎಡಗಡೆಯದು ಹದಿನೆಂಟಕ್ಕೆ ಇಳಿದಿತ್ತು. ಸೋಮವಾರ ಎರಡೂ ಒಂದೇ ಇದ್ದವು. ಐದು ದಿನಕ್ಕೆ ಒಂದೇ ಚಕ್ರ ಎಂಟು ಪಾಯಿಂಟ್ ಕಳೆದುಕೊಂಡರೆ ಅದು ಗಾಳಿಯ ದೋಷವಲ್ಲ, ಒಳಗೆ ಯಾರೋ ಇದ್ದಾರೆಂದು ಅರ್ಥ. ಟಾರ್ಚು ಬಿಟ್ಟು ಗಾಡಿಯನ್ನು ಅಂಗೈಯಗಲ ಮುಂದೆ ಸರಿಸಿ ನೋಡಿದರೆ, ನೆಲಕ್ಕೆ ತಾಗುವ ಮೈಯ ಗೀರೊಂದರಲ್ಲಿ ತಲೆ ಸವೆದು ಬೆಳ್ಳಿಯಂತೆ ಹೊಳೆಯುವ ಸ್ಕ್ರೂ. "ಅದಕ್ಕೇ ವಾರ ವಾರ ಆ ಚಕ್ರ ಒಂದೇ ಜಾಸ್ತಿ ಹೊತ್ತು ಕುಡೀತಿತ್ತು" ಎಂದಳು ಅಕ್ಕ ಮೆಲ್ಲಗೆ. ಎಷ್ಟು ವಾರದಿಂದ ಎಂದು ಅವಳಿಗೂ ನೆನಪಿರಲಿಲ್ಲ. ಮಾನ್ಯರೇ, ಆ ಸ್ಕ್ರೂವಿನ ಗುಟ್ಟನ್ನು ವಾರ ವಾರ ಗಾಳಿ ತುಂಬಿ, ಬೀಪ್ ಹೊಡೆದು ಮುಚ್ಚಿಟ್ಟವರು ತಾವು. ಗೆಳೆತನವೆಂದರೆ ಹೀಗಿರಬೇಕು.

ಅಕ್ಕ ಇಕ್ಕಳ ತೆಗೆದುಕೊಂಡು ಇಳಿದೇಬಿಟ್ಟಿದ್ದಳು. ಕೀಳಬೇಡ, ಸದ್ಯಕ್ಕೆ ಅದೇ ಬಿರಡೆ ಎಂದು ತಡೆದೆ. ದಾರಿಯಲ್ಲಿ ಮೊಳೆ ಕಂಡವರೆಲ್ಲ ಮಾಡುವ ತಪ್ಪು ಅದೇ, ಕಿತ್ತ ಮೊಳೆ ಕೈಗೆ ಬರುತ್ತದೆ, ಗಾಳಿ ಊರು ಬಿಡುತ್ತದೆ. ಮಕ್ಕಳನ್ನು ಇಳಿಸಿ ಮೆಟ್ಟಿಲ ಮೇಲೆ ಕೂರಿಸಿದೆವು. ಹ್ಯಾಂಡ್‌ಬ್ರೇಕ್ ಎಳೆದು, ಮುಂದಿನ ಚಕ್ರಕ್ಕೆ ತಮಗೆ ಮೀಸಲಾಗಿದ್ದ ಆ ಕಲ್ಲನ್ನು ಅಡ್ಡ ಕೊಟ್ಟು, ಚಕ್ರ ಇನ್ನೂ ನೆಲದಲ್ಲಿರುವಾಗಲೇ ನಟ್ಟುಗಳನ್ನು ಸಡಿಲಿಸಿ, ಆಮೇಲೆ ಜಾಕ್ ಏರಿಸಿದೆ. ಮೊದಲು ಜಾಕ್ ಏರಿಸಿದರೆ ನಟ್ಟಿನ ಬದಲು ಚಕ್ರವೇ ತಿರುಗುತ್ತದೆ. ತೂತು ಪುಣ್ಯಕ್ಕೆ ನಡುಭಾಗಕ್ಕೆ ಹತ್ತಿರವಿತ್ತು. ಅದೇ ಪಕ್ಕದ ಗೋಡೆಯಲ್ಲಿ ಆಗಿದ್ದರೆ ಯಾವ ತೇಪೆಯೂ ನಿಲ್ಲುತ್ತಿರಲಿಲ್ಲ, ಟೈರನ್ನೇ ಎಸೆಯಬೇಕಿತ್ತು. ಹೊರಗಿನಿಂದ ದಾರ ತುರುಕಿದರೆ ಐದು ನಿಮಿಷದ ಕೆಲಸ, ಆದರೆ ಬೆಟ್ಟಕ್ಕೆ ಹೋಗುವ ಟೈರಿಗೆ ಅದು ಸಾಲದು. ರಿಮ್ಮಿನಿಂದ ಟೈರು ಬಿಡಿಸಿ, ಒಳಗಿನ ಗೋಡೆಯೆಲ್ಲ ಬೆರಳಾಡಿಸಿ ನೋಡಿ, ಎಲ್ಲೂ ಬೆಂದಿಲ್ಲವೆಂದು ಖಾತ್ರಿಯಾದ ಮೇಲೆ, ಉಜ್ಜಿ, ಅಂಟು ಹಚ್ಚಿ, ಅದು ಒಣಗುವ ತನಕ ಕಾದು, ಅಣಬೆಯಾಕಾರದ ತೇಪೆಯನ್ನು ಒಳಗಿನಿಂದ ಎಳೆದು ಕೂರಿಸಿದೆ. ನಟ್ಟುಗಳನ್ನು ಸಾಲಾಗಿ ಬಿಗಿಯದೆ ಎದುರುಬದುರಾಗಿ ಬಿಗಿಯುವಾಗ ಒಬ್ಬ ಪುಟ್ಟ ಹುಡುಗ, "ಈ ಅಕ್ಕ ಯಾಕೆ ನಮ್ಮ ಸ್ಕೂಲಿಗೆ ಬರಲ್ಲ" ಎಂದು ಕೇಳಿದ. "ಕೂರಕ್ಕಾಗಲ್ವಂತೆ ಪಾಪ" ಎಂದಳು ಅಕ್ಕ. ನಾನು ಕೊನೆಯ ನಟ್ಟು ಬಿಗಿಯುವಾಗ ನನ್ನ ಕಡೆ ತಿರುಗಿ, "ನೀನೀಗ ಅರ್ಧ ಗಂಟೆ ಅಲ್ಲಾಡದೆ ಕೂತಿದ್ದೆ. ನೋಡಿದ್ದೀನಿ ನಾನು" ಎಂದಳು. ಈ ಸಲ ಸ್ಟೀರಿಂಗಿಗೆ ಹೇಳಿದ್ದಲ್ಲ.

ಕೊನೆಗೆ ಗಾಳಿ ಹಿಡಿಯಲು ಯಜಮಾನರನ್ನು ಕೇಳಿದಾಗ ಮಾವ ಜೇಬಿನಿಂದ ತೆಗೆದು ಕೊಟ್ಟ. ಹಿಂಬದಿಯ ಹಿತ್ತಾಳೆಯ ಮೇಲೆ ಮೊಳೆಯ ತುದಿಯಿಂದ ಹೊಸದಾಗಿ ಕೊರೆದಿತ್ತು: +೨. ಯಾವಾಗ ಕೊರೆದನೋ ನಾನು ಕೇಳಲಿಲ್ಲ. ಸಂಜೆ ವ್ಯಾನು ಹನ್ನೊಂದು ಖಾಲಿ ಬಾಟಲಿ, ಹನ್ನೊಂದು ಜೊತೆ ನಿದ್ದೆಗಣ್ಣುಗಳೊಂದಿಗೆ ನಮ್ಮ ಮುಂದೆ ಹಾದು ಹೋಯಿತು, ಎರಡು ಸಲ ಹಾರ್ನ್ ಹೊಡೆಯಿತು. ತಮ್ಮ ಕಡೆ ತಿರುಗಲಿಲ್ಲ.

ಇಷ್ಟೆಲ್ಲ ಆದ ಮೇಲೆ ನನ್ನ ಕೋರಿಕೆ ಚಿಕ್ಕದು. ತಾವು ರಾಜೀನಾಮೆ ಕೊಡಬೇಕಾಗಿಲ್ಲ, ರಸ್ತೆ ದಾಟಿ ಬಂದು ಕ್ಷಮೆ ಕೇಳಬೇಕಾಗಿಲ್ಲ, ಟೈರುಗಳ ಮೇಲೆ ಕೈಯಾಡಿಸಿ ಮೊಳೆ ಹುಡುಕಬೇಕಾಗಿಯೂ ಇಲ್ಲ. ತಮ್ಮ ಪಕ್ಕೆಯಲ್ಲಿ 'ಮುಂದಿನ ತಪಾಸಣೆ' ಎಂಬ ಚೀಟಿಯಿದೆ, ಅದರ ಮೇಲಿನ ತಾರೀಕು ಕಳೆದು ಎರಡು ವರ್ಷವಾಗಿದೆ, ಅದು ಕಾಣಬಾರದೆಂದು ಯಾರೋ ಅದರ ಮೇಲೆ 'ಉಚಿತ' ಎಂದು ಅಂಟಿಸಿದ್ದಾರೆ. ಆ ಉಚಿತವನ್ನು ಕಿತ್ತು ತಪಾಸಣೆ ಮಾಡಿಸಿಕೊಳ್ಳಿ. ಅಲ್ಲಿಯವರೆಗೆ ಒಂದು ರಟ್ಟು ತೂಗುಹಾಕಿಕೊಳ್ಳಿ. ನನ್ನ ಎರಡನ್ನು ನಾನು ಬರೆದು ನೇತುಹಾಕಿದ್ದೇನೆ, ತಮ್ಮ ನಾಲ್ಕನ್ನು ತಾವು ನೇತುಹಾಕಿದರೆ ಸಾಕು. ರಟ್ಟು, ದಾರ, ಮಸಿ ಎಲ್ಲ ನಮ್ಮಲ್ಲಿದೆ. ಬರೆಯಲು ಬಾರದಿದ್ದರೆ ಬರೆದೂ ಕೊಡುತ್ತೇನೆ, ನನ್ನ ಕೈಬರಹ ಒಂಬತ್ತನೇ ತರಗತಿಯವರೆಗೆ ಚೆನ್ನಾಗಿಯೇ ಇತ್ತು.

ಈ ಪತ್ರದ ಒಂದು ಪ್ರತಿಯನ್ನು ತಮ್ಮ ಕಂಬಕ್ಕೂ ಇನ್ನೊಂದನ್ನು ನಮ್ಮ ಶಟರಿಗೂ ಅಂಟಿಸಿದ್ದೇನೆ. ಗಾಳಿಗೆ ಹಾರದಂತೆ ನಾಲ್ಕೂ ಮೂಲೆಗೆ ಟ್ಯೂಬಿನ ಅಂಟು ಹಚ್ಚಿದೆ.

ಎರಡು ಪಾಯಿಂಟಿನಷ್ಟು ತಗ್ಗಿದ ತಲೆಯೊಂದಿಗೆ,
ತಮ್ಮ ವಿಶ್ವಾಸಿ,
ಎದುರು ಅಂಗಡಿಯ ಪಂಚರ್ ಪುಟ್ಟಿ

ಮರೆತ ಮಾತು: ಶನಿವಾರ ಹೊರಡುವ ಮುಂಚೆ ಅಕ್ಕ ಪರೀಕ್ಷೆಯ ಅರ್ಜಿಯೊಂದನ್ನು ಮಡಚಿ ನಮ್ಮ ರಟ್ಟಿನ ದಾರಕ್ಕೆ ಸಿಕ್ಕಿಸಿ ಹೋಗಿದ್ದಾಳೆ. ಇನ್ನೂ ತುಂಬಿಲ್ಲ, ಹರಿದೂ ಇಲ್ಲ, ನನ್ನ ಜೇಬಿನಲ್ಲಿದೆ. ಗಣಿತದಲ್ಲಿ ಪಾಸಾಗಲು ಮೂವತ್ತೈದು ಬೇಕಂತೆ. ನನಗೆ ಎಷ್ಟು ಬರುತ್ತದೋ ಗೊತ್ತಿಲ್ಲ. ತಾವು ಕಟ್ಟಿದರೆ ಎಷ್ಟು ಬರುತ್ತದೆಂದು ಮಾತ್ರ ಈಗಲೇ ಹೇಳಬಲ್ಲೆ: ಬೀಪ್ ಸಮೇತ ಮೂವತ್ತೆರಡು, ತಿದ್ದಿ ನೋಡಿದರೆ ಇಪ್ಪತ್ತೆಂಟು.